ಇಂಗಾಲದ ಕರಾರಿಗೆ ಸಹಿ ಹಾಕುವ ಮುನ್ನ: ನಮ್ಮ ರೈತ ಸಂಘಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಹಳ್ಳಿಗಳಿಗೆ ಕೆಲವು ವರ್ಷಗಳಿಂದ ಒಂದು ಹೊಸ ಬಗೆಯ ಕರಾರುಪತ್ರ ಬರುತ್ತಿದೆ. ಬದುಗಳ ಮೇಲೆ ಸಸಿ ನೆಡಿ, ಸೌದೆ ಕಡಿಮೆ ಬೇಡುವ ಒಲೆ ಇಟ್ಟುಕೊಳ್ಳಿ, ಗೋಬರ್ ಗ್ಯಾಸ್ ಕಟ್ಟಿಸಿಕೊಳ್ಳಿ. ಅದರಿಂದ ಗಾಳಿಗೆ ಸೇರದೆ ಉಳಿದ ಇಂಗಾಲವನ್ನು ಕಾರ್ಬನ್ ಕ್ರೆಡಿಟ್, ಅಂದರೆ ಟನ್ ಲೆಕ್ಕದ ಪ್ರಮಾಣಪತ್ರ, ಮಾಡಿ ನಾವು ಹೊರದೇಶದವರಿಗೆ ಮಾರುತ್ತೇವೆ, ಬಂದ ಹಣದಲ್ಲಿ ನಿಮಗೂ ಪಾಲು ಕೊಡುತ್ತೇವೆ ಎಂಬುದು ಅದರ ಸಾರ. ಚಿಂತಾಮಣಿ ತಾಲ್ಲೂಕಿನ ನಮ್ಮ ರೈತ ಸಂಘದ ಮುಂದೆಯೂ ಇಂಥ ಮೂರು ಪ್ರಸ್ತಾಪಗಳು ಒಂದರ ಹಿಂದೊಂದು ಬಂದವು. ಸಂಘದ ಲೆಕ್ಕಪತ್ರ ನೋಡಿಕೊಳ್ಳುವವನಾದ್ದರಿಂದ ಅವುಗಳನ್ನು ಹೋಲಿಸಿ ಆಡಳಿತ ಮಂಡಳಿಗೆ ಟಿಪ್ಪಣಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಆ ಟಿಪ್ಪಣಿಯನ್ನೇ ವಿಸ್ತರಿಸಿ, ಇದೇ ತೀರ್ಮಾನದ ಹೊಸ್ತಿಲಲ್ಲಿ ನಿಂತಿರುವ ಉಳಿದ ಸಂಘಗಳಿಗೆ ನೆರವಾಗಲೆಂದು ಇಲ್ಲಿ ಬರೆದಿದ್ದೇನೆ.

ಸಭೆಯಲ್ಲಿ ಎಲ್ಲರೂ ಮೊದಲು ಕೇಳಿದ್ದು ಟನ್ನಿಗೆ ಎಷ್ಟು ಕೊಡುತ್ತಾರೆ ಎಂದು. ಸಹಜವಾದ ಪ್ರಶ್ನೆಯೇ. ಆದರೆ ತಿಂಗಳುಗಟ್ಟಲೆ ಕಾಗದಪತ್ರಗಳನ್ನು ಓದಿದ ಮೇಲೆ ನನಗೆ ಮನವರಿಕೆಯಾದದ್ದು ಬೇರೆ: ದರ ಕೇಳುವ ಮೊದಲು ಆ ಇಂಗಾಲ ಯಾವ ದೇಶದ ಲೆಕ್ಕಕ್ಕೆ ಸೇರುತ್ತದೆ, ಅದು ದೇಶದ ಹೊರಗೆ ಹೋಗಲು ಭಾರತ ಸರ್ಕಾರದ ಒಪ್ಪಿಗೆ ಇದೆಯೇ ಎಂದು ಕೇಳಬೇಕು. ದರವಾಗಲಿ, ಅದರ ಭದ್ರತೆಯಾಗಲಿ ಈ ಉತ್ತರದ ಮೇಲೆ ನಿಂತಿದೆ.

ದೇಶದ ಸಹಿ ಏಕೆ ಬೇಕು

ಕಾರ್ಬನ್ ಆಫ್‌ಸೆಟ್ ಎಂದರೆ ಒಬ್ಬರು ಹೊರಸೂಸಿದ ಇಂಗಾಲಕ್ಕೆ ಸಮನಾಗಿ ಇನ್ನೊಬ್ಬರು ಬೇರೆಡೆ ಇಂಗಾಲವನ್ನು ಇಳಿಸುವುದು, ಆ ಇಳಿಕೆಯ ಪ್ರಮಾಣಪತ್ರವನ್ನು ಮೊದಲನೆಯವರು ಕೊಳ್ಳುವುದು. 1997ರ ಕ್ಯೋಟೊ ಹವಾಮಾನ ಒಪ್ಪಂದ ಇದಕ್ಕಾಗಿ ಸ್ವಚ್ಛ ಅಭಿವೃದ್ಧಿ ಕಾರ್ಯವಿಧಾನ, ಅಂದರೆ ಸಿಡಿಎಂ, ಎಂಬ ವ್ಯವಸ್ಥೆಯನ್ನು ರೂಪಿಸಿತು. ಅದರಡಿ ಯೋಜನೆ ನಡೆಯುವ ದೇಶದಲ್ಲಿ ಒಂದು ರಾಷ್ಟ್ರೀಯ ಪ್ರಾಧಿಕಾರ ಇರಬೇಕಿತ್ತು. ಭಾರತದಲ್ಲಿ ಅದು ಪರಿಸರ ಸಚಿವಾಲಯದಡಿ 2003ರ ಡಿಸೆಂಬರ್‌ನಲ್ಲಿ ರಚನೆಯಾಯಿತು. ಯೋಜನೆಯು ಸಾಮಾಜಿಕ, ಆರ್ಥಿಕ, ಪರಿಸರ ಮತ್ತು ತಂತ್ರಜ್ಞಾನದ ದೃಷ್ಟಿಯಿಂದ ದೇಶಕ್ಕೆ ಒಳಿತು ಮಾಡುತ್ತದೆಯೇ ಎಂದು ನೋಡಿ ಅದು ಒಪ್ಪಿಗೆ ಪತ್ರ ಕೊಡುತ್ತಿತ್ತು. ಆಗ ಒಪ್ಪಿಗೆ ಕೊಡುವುದು ಸುಲಭವಾಗಿತ್ತು. ಏಕೆಂದರೆ ಕ್ಯೋಟೊ ಒಪ್ಪಂದದಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ ಇಂಗಾಲ ಇಳಿಸುವ ಕಡ್ಡಾಯ ಗುರಿ ಇರಲಿಲ್ಲ. ಎಷ್ಟು ಟನ್ ಹೊರಗೆ ಮಾರಿದರೂ ಭಾರತದ ಲೆಕ್ಕದಲ್ಲಿ ಕಳೆಯುವುದೇನೂ ಇರಲಿಲ್ಲ.

2015ರ ಪ್ಯಾರಿಸ್ ಒಪ್ಪಂದದಿಂದ ಪರಿಸ್ಥಿತಿ ಬದಲಾಯಿತು. ಈಗ ಭಾರತಕ್ಕೂ ತಾನೇ ಘೋಷಿಸಿಕೊಂಡ ಗುರಿಗಳಿವೆ. 2005ಕ್ಕೆ ಹೋಲಿಸಿದರೆ 2030ರ ವೇಳೆಗೆ ಒಟ್ಟು ಉತ್ಪನ್ನದ ಪ್ರತಿ ರೂಪಾಯಿಗೆ ತಗಲುವ ಹೊರಸೂಸುವಿಕೆಯನ್ನು ಶೇ 45ರಷ್ಟು ತಗ್ಗಿಸುವುದು ಒಂದಾದರೆ, ಅರಣ್ಯ ಮತ್ತು ಮರಗಳ ಹೊದಿಕೆಯನ್ನು ಹೆಚ್ಚಿಸಿ 250ರಿಂದ 300 ಕೋಟಿ ಟನ್‌ನಷ್ಟು ಹೆಚ್ಚುವರಿ ಇಂಗಾಲವನ್ನು ಹೀರಿಸುವುದು ಇನ್ನೊಂದು. ನಮ್ಮ ಹೊಲದ ಬದುವಿನ ಹೊಂಗೆ ಮರ ಈ ಎರಡನೆಯ ಲೆಕ್ಕದೊಳಗೇ ಬರುತ್ತದೆ. ಅದೇ ಮರದ ಇಂಗಾಲವನ್ನು ಹೊರದೇಶದ ಕಂಪನಿಯೂ ತನ್ನದೆಂದು ಬರೆದುಕೊಂಡರೆ ಒಂದೇ ಲೀಟರ್ ಹಾಲನ್ನು ಎರಡು ಡೇರಿಗಳ ಪಾಸ್‌ಪುಸ್ತಕದಲ್ಲಿ ಬರೆಸಿದಂತಾಗುತ್ತದೆ. ಇದನ್ನು ತಡೆಯಲು ಪ್ಯಾರಿಸ್ ಒಪ್ಪಂದದ ಆರನೆಯ ವಿಧಿ ಒಂದು ನಿಯಮ ಮಾಡಿದೆ: ಹೊರದೇಶಕ್ಕೆ ಅಧಿಕೃತವಾಗಿ ವರ್ಗವಾದ ಪ್ರತಿ ಟನ್ನನ್ನು ಮಾರಿದ ದೇಶ ತನ್ನ ಲೆಕ್ಕಕ್ಕೆ ಮತ್ತೆ ಕೂಡಿಸಿಕೊಳ್ಳಬೇಕು. ಇದಕ್ಕೆ ಅನುರೂಪ ಹೊಂದಾಣಿಕೆ ಎನ್ನಬಹುದು. ಈ ವಿಧಿಯ ಮುಖ್ಯ ನಿಯಮಗಳು 2021ರಲ್ಲಿ ಗ್ಲಾಸ್ಗೊದ ಹವಾಮಾನ ಸಮ್ಮೇಳನದಲ್ಲಿ ಅಂಗೀಕಾರವಾಗಿ, ಉಳಿದವು 2024ರಲ್ಲಿ ಬಾಕುವಿನಲ್ಲಿ ಪೂರ್ಣಗೊಂಡವು.

ಹಾಗಾಗಿ ಇಂದು ಸರ್ಕಾರ ಒಂದು ಟನ್ನಿಗೆ ಸಹಿ ಹಾಕಿದರೆ ಅಷ್ಟು ಇಳಿಕೆಯನ್ನು ತನ್ನ ಗುರಿಗಾಗಿ ಬೇರೆಲ್ಲಿಂದಲೋ ಹುಡುಕಬೇಕು. ಸುಲಭದಲ್ಲಿ, ಕಡಿಮೆ ಖರ್ಚಿನಲ್ಲಿ ಆಗುವ ಇಳಿಕೆಯನ್ನೆಲ್ಲ ಮೊದಲೇ ಮಾರಿಬಿಟ್ಟರೆ ನಾಳೆ ದುಬಾರಿಯದನ್ನು ನಮ್ಮದೇ ಖರ್ಚಿನಲ್ಲಿ ಮಾಡಬೇಕಾಗುತ್ತದೆ. ಸರ್ಕಾರ ಸಹಿಗೆ ಹಿಂದೆ ಮುಂದೆ ನೋಡುವುದು ಇದಕ್ಕೇ, ಮತ್ತು ಹಾಗೆ ನೋಡುವುದು ಸರಿಯೆಂದೇ ನನ್ನ ಅಭಿಪ್ರಾಯ.

ಬೇರೆ ದೇಶಗಳು ಆಯ್ದುಕೊಂಡ ರೀತಿ

ನಮ್ಮಂಥ ದೇಶಗಳೆಲ್ಲ ಇದನ್ನು ಒಂದೇ ರೀತಿ ನಿಭಾಯಿಸಿಲ್ಲ. ಚೀನಾ ಸಿಡಿಎಂ ಕಾಲದಲ್ಲಿ ತೆರಿಗೆಯ ದಾರಿ ಹಿಡಿಯಿತು. ಕಾರ್ಖಾನೆಯೊಂದರಲ್ಲಿ ಯಂತ್ರ ಕೂರಿಸಿ, ಭೂಮಿಯನ್ನು ಬಹಳ ಬಿಸಿಮಾಡುವ ಎಚ್‌ಎಫ್‌ಸಿ ಎಂಬ ಅನಿಲವನ್ನು ಸುಟ್ಟರೆ ಸಿಗುತ್ತಿದ್ದ ಸುಲಭ ಕ್ರೆಡಿಟ್‌ಗಳ ಆದಾಯದಲ್ಲಿ ಶೇ 65ನ್ನು, ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಅನಿಲದ ಯೋಜನೆಗಳಲ್ಲಿ ಶೇ 30ನ್ನು ಸರ್ಕಾರವೇ ತೆಗೆದುಕೊಂಡಿತು. ನವೀಕರಿಸಬಹುದಾದ ಇಂಧನದಂಥ ಆದ್ಯತೆಯ ಯೋಜನೆಗಳಿಂದ ಶೇ 2 ಮಾತ್ರ. ಸಮಾಜಕ್ಕೆ ಕಡಿಮೆ ಉಪಯೋಗವಿದ್ದಲ್ಲಿ ಹೆಚ್ಚು ತೆರಿಗೆ, ಹೆಚ್ಚು ಉಪಯೋಗವಿದ್ದಲ್ಲಿ ಕಡಿಮೆ ತೆರಿಗೆ ಎಂಬ ಈ ವಿವೇಕ ನನಗೆ ಬಹಳ ಹಿಡಿಸಿತು. ನೋಂದಾಯಿತ ಯೋಜನೆಗಳ ಸಂಖ್ಯೆಯಲ್ಲಿ ಚೀನಾದ ನಂತರದ ಸ್ಥಾನದಲ್ಲಿದ್ದ ಭಾರತ ಅಂಥ ಮೆಟ್ಟಿಲು ತೆರಿಗೆ ಹಾಕದೆ ಖಾಸಗಿ ಉದ್ಯಮಗಳಿಗೇ ಬಿಟ್ಟುಕೊಟ್ಟಿತು.

ಕೀನ್ಯಾ 2023ರಲ್ಲಿ ಕಾಯ್ದೆ ತಿದ್ದಿ ಸ್ಥಳೀಯರ ಪಾಲನ್ನು ಕಾನೂನಿನಲ್ಲೇ ಬರೆಯಿತು: ಭೂಮಿ ಆಧಾರಿತ ಯೋಜನೆಗಳಲ್ಲಿ ಗಳಿಕೆಯ ಕನಿಷ್ಠ ಶೇ 40, ಉಳಿದವುಗಳಲ್ಲಿ ಕನಿಷ್ಠ ಶೇ 25 ಸಮುದಾಯಕ್ಕೆ ಸಲ್ಲಬೇಕು. ಘಾನಾ ಎರಡು ಪಟ್ಟಿಗಳನ್ನು ಇಟ್ಟುಕೊಂಡಿದೆ. ಹೊರದೇಶಕ್ಕೆ ಸುಲಭವಾಗಿ ಮಾರಬಹುದಾದ ಕೆಲಸಗಳು ಬಿಳಿ ಪಟ್ಟಿಯಲ್ಲಿ, ದೇಶವು ತನ್ನ ಗುರಿಗಾಗಿ ಉಳಿಸಿಕೊಳ್ಳಬೇಕಾದವು ಕೆಂಪು ಪಟ್ಟಿಯಲ್ಲಿ. ಜಿಂಬಾಬ್ವೆ 2023ರ ಮೇ ತಿಂಗಳಲ್ಲಿ ಹಿಂದಿನ ಕರಾರುಗಳೆಲ್ಲ ರದ್ದು, ಆದಾಯದಲ್ಲಿ ಅರ್ಧ ಸರ್ಕಾರಕ್ಕೆ ಎಂದು ಒಮ್ಮೆಗೇ ಘೋಷಿಸಿ, ಕೆಲವೇ ತಿಂಗಳಲ್ಲಿ ನಿಲುವನ್ನು ಸಡಿಲಿಸಿತು. ಈ ಕೊನೆಯ ಉದಾಹರಣೆಯನ್ನು ಸಭೆಯಲ್ಲಿ ನಾನು ಒತ್ತಿ ಹೇಳಿದೆ. ನಡುವೆ ಸರ್ಕಾರದ ನೀತಿ ಬದಲಾದರೆ ನಷ್ಟ ಯಾರಿಗೆ ಎಂಬ ಸಾಲು ಕರಾರಿನಲ್ಲಿ ಇಲ್ಲದಿದ್ದರೆ ಆ ನಷ್ಟ ರೈತನ ಬಾಗಿಲಿಗೇ ಬರುತ್ತದೆ.

ಭಾರತ ಈಗ ಘಾನಾದ ಬಿಳಿ ಪಟ್ಟಿಗೆ ಹತ್ತಿರದ ಕ್ರಮವನ್ನು ಅನುಸರಿಸುತ್ತಿದೆ. ಪ್ಯಾರಿಸ್ ಒಪ್ಪಂದದ ಅನುಷ್ಠಾನಕ್ಕೆ 2022ರಲ್ಲಿ ರಾಷ್ಟ್ರೀಯ ಪ್ರಾಧಿಕಾರವನ್ನು ರಚಿಸಿ, 2023ರ ಫೆಬ್ರುವರಿಯಲ್ಲಿ ಹೊರದೇಶಗಳೊಂದಿಗೆ ವ್ಯಾಪಾರಕ್ಕೆ ಅರ್ಹವಾದ 13 ಚಟುವಟಿಕೆಗಳ ಪಟ್ಟಿಯನ್ನು, ಮೊದಲ ಮೂರು ವರ್ಷಗಳಿಗೆಂದು, ಪ್ರಕಟಿಸಿತು. ಸಂಗ್ರಹ ವ್ಯವಸ್ಥೆಯಿರುವ ನವೀಕರಿಸಬಹುದಾದ ಇಂಧನ, ಹಸಿರು ಹೈಡ್ರೋಜನ್, ಸಮುದ್ರದೊಳಗಿನ ಗಾಳಿಯಂತ್ರ, ವಿಮಾನದ ಸುಸ್ಥಿರ ಇಂಧನ, ಇಂಗಾಲವನ್ನು ಹಿಡಿದು ಹೂಳುವ ತಂತ್ರಜ್ಞಾನ ಮೊದಲಾದವು ಅದರಲ್ಲಿವೆ. ಸಂಕುಚಿತ ಜೈವಿಕ ಅನಿಲ, ಅಂದರೆ ಒತ್ತಡದಲ್ಲಿ ತುಂಬುವ ಬಯೋಗ್ಯಾಸ್, ಕೂಡ ಇದೆ. ಆದರೆ ಮನೆಯ ಸೌದೆ ಒಲೆಯಾಗಲಿ, ಮನೆಯ ಹಿಂದಿನ ಸಣ್ಣ ಗೋಬರ್ ಗ್ಯಾಸ್ ಆಗಲಿ, ಬದುವಿನ ಮರವಾಗಲಿ ಅದರಲ್ಲಿಲ್ಲ. ದುಬಾರಿ ತಂತ್ರಜ್ಞಾನವನ್ನು ಹೊರಗಿನವರ ಹಣದಲ್ಲಿ ತರಿಸಿಕೊಂಡು, ಅಗ್ಗದ ಇಳಿಕೆಯನ್ನು ತನ್ನ ಲೆಕ್ಕಕ್ಕೆ ಉಳಿಸಿಕೊಳ್ಳುವ ನಿಲುವು ಇದು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಆದ್ದರಿಂದ ನಿಮ್ಮ ಬದುವಿನ ಮರದ ಇಂಗಾಲವನ್ನು ಸರ್ಕಾರದ ಮೂಲಕವೇ ವಿದೇಶಿ ಸರ್ಕಾರಕ್ಕೆ ಮಾರಿಸಿ ದೊಡ್ಡ ದರ ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಿಗೆ ಪತ್ರವನ್ನು ತೋರಿಸಿ ಎಂದು ನೇರವಾಗಿ ಕೇಳಿ.

ಮಾರಾಟದ ದಾರಿಗಳು

ಹಳೆಯ ದಾರಿ ಸಿಡಿಎಂ. ಅದರ ಒಳ್ಳೆಯ ನೆನಪೂ ಕಹಿ ನೆನಪೂ ನಮ್ಮ ಸೀಮೆಯಲ್ಲೇ ಇವೆ. ಬಾಗೇಪಲ್ಲಿ ಕೂಲಿ ಸಂಘದ ಗೋಬರ್ ಗ್ಯಾಸ್ ಯೋಜನೆ 2005ರ ಡಿಸೆಂಬರ್‌ನಲ್ಲಿ ಸಿಡಿಎಂನಲ್ಲಿ ನೋಂದಣಿಯಾಯಿತು. ಚಿಕ್ಕಬಳ್ಳಾಪುರ ಇನ್ನೂ ಬೇರೆ ಜಿಲ್ಲೆಯಾಗದಿದ್ದ ಆ ಕಾಲದ ಕೋಲಾರ ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ, ಮನೆಗೊಂದರಂತೆ ಎರಡು ಘನ ಮೀಟರ್‌ನ 5,500 ಘಟಕಗಳನ್ನು ಕಟ್ಟುವ ಯೋಜನೆ ಅದು. ಕೂಲಿಕಾರರ ಸಂಘವೊಂದು ತಾನೇ ಯೋಜನೆಯ ಒಡೆತನ ಇಟ್ಟುಕೊಂಡು ಅಂತರರಾಷ್ಟ್ರೀಯ ಮಾರುಕಟ್ಟೆಗೆ ಹೋದದ್ದು ಸಣ್ಣ ಸಂಗತಿಯಲ್ಲ. ಕೋಲಾರದ ಎಸ್‌ಕೆಜಿ ಸಂಘ ಎಂಬ ಸ್ವಯಂಸೇವಾ ಸಂಸ್ಥೆ ಕೂಡ ಇದೇ ಗೋಬರ್ ಗ್ಯಾಸ್ ಕೆಲಸಕ್ಕೆ 2007ರಲ್ಲಿ, ಸುಸ್ಥಿರ ಇಂಧನದ ಕೆಲಸಕ್ಕೆ ಬ್ರಿಟನ್ನಿನಲ್ಲಿ ಕೊಡುವ ಆಶ್ಡೆನ್ ಪ್ರಶಸ್ತಿ ಪಡೆಯಿತು. ಕಹಿ ಬಂದದ್ದು ಮಾರುಕಟ್ಟೆಯಿಂದ. 2008ರಲ್ಲಿ ಟನ್ನಿಗೆ 20 ಯೂರೊ ದಾಟಿದ್ದ ಸಿಡಿಎಂ ಕ್ರೆಡಿಟ್ 2012ರ ಕೊನೆಗೆ ಒಂದು ಯೂರೊಗಿಂತ ಕೆಳಗಿಳಿಯಿತು. 2012ರ ನಂತರ ನೋಂದಣಿಯಾದ ಹೊಸ ಯೋಜನೆಗಳಲ್ಲಿ ಅತಿ ಹಿಂದುಳಿದ ದೇಶಗಳವನ್ನು ಮಾತ್ರ ಕೊಳ್ಳುವುದಾಗಿ ಯುರೋಪಿನ ಮಾರುಕಟ್ಟೆ ತೀರ್ಮಾನಿಸಿತು. ಕೊಳ್ಳುವವನು ಒಬ್ಬನೇ ಆದಾಗ ಅವನ ಒಂದು ತೀರ್ಮಾನಕ್ಕೆ ನಮ್ಮ ಹತ್ತು ವರ್ಷದ ದುಡಿಮೆ ಹೇಗೆ ಬೆಲೆ ಕಳೆದುಕೊಳ್ಳುತ್ತದೆ ಎಂಬುದನ್ನು ರೇಷ್ಮೆಗೂಡಿನ ಮಾರುಕಟ್ಟೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಿಡಿಎಂನ ಸ್ಥಾನಕ್ಕೆ ಬಂದಿರುವುದು ಪ್ಯಾರಿಸ್ ಒಪ್ಪಂದದ ಆರನೆಯ ವಿಧಿಯ ನಾಲ್ಕನೆಯ ಉಪವಿಧಿಯ ವ್ಯವಸ್ಥೆ. ವಿಶ್ವಸಂಸ್ಥೆಯ ಮೇಲ್ವಿಚಾರಣಾ ಮಂಡಳಿ ಇದನ್ನು ನಡೆಸುತ್ತದೆ. ನೀಡುವ ಕ್ರೆಡಿಟ್‌ಗಳಲ್ಲಿ ಶೇ 5 ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಲು ನೆರವಾಗುವ ನಿಧಿಗೆ ಹೋಗುತ್ತದೆ, ಇನ್ನೂ ಕನಿಷ್ಠ ಶೇ 2ನ್ನು ಯಾರಿಗೂ ಮಾರದೆ ರದ್ದು ಮಾಡಲಾಗುತ್ತದೆ. ನಿಯಮ ಬಿಗಿ, ಖರ್ಚು ಹೆಚ್ಚು. ಹೊಸದಾಗಿ ಆರಂಭಿಸುವ ಸಣ್ಣ ಸಂಘವೊಂದು ಒಂಟಿಯಾಗಿ ಈ ದಾರಿ ಹಿಡಿಯುವುದು ಸದ್ಯಕ್ಕೆ ಆಗದ ಮಾತು. ಎರಡನೆಯ ಉಪವಿಧಿಯಡಿ ಎರಡು ಸರ್ಕಾರಗಳ ನಡುವೆ ನೇರ ವ್ಯಾಪಾರ ನಡೆಯುತ್ತದೆ. 2025ರ ಆಗಸ್ಟ್‌ನಲ್ಲಿ ಭಾರತ ಜಪಾನಿನೊಂದಿಗೆ ಜಂಟಿ ಕ್ರೆಡಿಟ್ ವ್ಯವಸ್ಥೆಗೆ ಸಹಿ ಹಾಕಿದ್ದು ಈ ಬಗೆಯದು. ಇದು ದೊಡ್ಡ ತಂತ್ರಜ್ಞಾನಗಳ ದಾರಿ, ನಮ್ಮದಲ್ಲ.

ಮೂರನೆಯದು ಸ್ವಯಂಪ್ರೇರಿತ ಮಾರುಕಟ್ಟೆ. ಹಳ್ಳಿಗೆ ಬರುವ ಕರಾರುಗಳಲ್ಲಿ ಹೆಚ್ಚಿನವು ಇದಕ್ಕೇ ಸೇರಿದವು. ಕಾನೂನಿನ ಒತ್ತಾಯವಿಲ್ಲದೆ ತಮ್ಮ ಹೆಸರಿಗಾಗಿ ಕ್ರೆಡಿಟ್ ಕೊಳ್ಳುವ ಕಂಪನಿಗಳು ಇಲ್ಲಿನ ಗಿರಾಕಿಗಳು. ವೆರ್ರಾ, ಗೋಲ್ಡ್ ಸ್ಟ್ಯಾಂಡರ್ಡ್ ಮೊದಲಾದ ಖಾಸಗಿ ಸಂಸ್ಥೆಗಳು ಮಾನದಂಡ ರೂಪಿಸಿ ಪ್ರಮಾಣಪತ್ರ ಕೊಡುತ್ತವೆ. ಎಲ್ಲ ವ್ಯವಹಾರಕ್ಕೂ ಸರ್ಕಾರದ ಸಹಿ ಬೇಕಿಲ್ಲದಿರುವುದರಿಂದ ಕೆಲಸ ಬೇಗ ಆರಂಭವಾಗುತ್ತದೆ. ಆದರೆ ಸರ್ಕಾರದ ಅಧಿಕಾರಪತ್ರ, ಅಂದರೆ ಹೊರದೇಶಕ್ಕೆ ವರ್ಗಾಯಿಸಲು ಒಪ್ಪಿಗೆ, ಇರುವ ಕ್ರೆಡಿಟ್‌ಗೂ ಇಲ್ಲದ ಕ್ರೆಡಿಟ್‌ಗೂ ಮಾರುಕಟ್ಟೆ ಈಗ ವ್ಯತ್ಯಾಸ ಮಾಡುತ್ತಿದೆ. ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳು ತಮ್ಮ ಹೊರಸೂಸುವಿಕೆಯನ್ನು ಸರಿದೂಗಿಸಬೇಕಾದ ಕಡ್ಡಾಯ ಲೆಕ್ಕಕ್ಕೆ ಅಧಿಕಾರಪತ್ರವಿಲ್ಲದ ಹೊಸ ಕ್ರೆಡಿಟ್‌ಗಳನ್ನು ಬಳಸುವಂತಿಲ್ಲ. ಮಧ್ಯವರ್ತಿಯು ವಿಮಾನ ಸಂಸ್ಥೆಗಳ ದರವನ್ನು ತೋರಿಸಿ ಕರಾರು ಮಾಡಿಸಿಕೊಂಡು, ಕೊನೆಗೆ ಅಧಿಕಾರಪತ್ರವಿಲ್ಲದ ದರಕ್ಕೆ ಮಾರಿದರೆ ಆ ಅಂತರವನ್ನು ನಾವು ಎಲ್ಲಿಯೂ ಕೇಳಿ ಪಡೆಯಲಾರೆವು.

ನಾಲ್ಕನೆಯದು ನಮ್ಮದೇ ದೇಶದ ಮಾರುಕಟ್ಟೆ. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯ ಅಧಿಸೂಚನೆ ಹೊರಬಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಕಡ್ಡಾಯ ಗುರಿಯಿಲ್ಲದವರೂ ಯೋಜನೆ ನೋಂದಾಯಿಸಿ ಪ್ರಮಾಣಪತ್ರ ಪಡೆಯುವಂತೆ ಆಫ್‌ಸೆಟ್ ಭಾಗವನ್ನು ಸೇರಿಸಲಾಯಿತು. ಇಂಧನ ದಕ್ಷತಾ ಬ್ಯೂರೊ ಇದನ್ನು ನಡೆಸುತ್ತದೆ, ಗ್ರಿಡ್ ಕಂಟ್ರೋಲರ್ ಆಫ್ ಇಂಡಿಯಾ ದಾಖಲೆ ಇಡುತ್ತದೆ, ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ವ್ಯಾಪಾರವನ್ನು ನಿಯಂತ್ರಿಸುತ್ತದೆ. ಇಲ್ಲಿ ಮಾರಿದ ಇಂಗಾಲ ದೇಶದ ಲೆಕ್ಕದಲ್ಲೇ ಉಳಿಯುವುದರಿಂದ ಹೊರಗಿನ ಹೊಂದಾಣಿಕೆಯ ತೊಡಕಿಲ್ಲ. ಮಾರುಕಟ್ಟೆ ಇನ್ನೂ ಎಳೆಯದು, ದರ ನೆಲೆನಿಂತಿಲ್ಲ. ಆದರೂ ಮರ, ಮಣ್ಣಿನಂಥ ದೀರ್ಘಕಾಲದ ಕೆಲಸಗಳಿಗೆ ಮುಂದೆ ಇದೇ ಹೆಚ್ಚು ಭದ್ರವಾದ ಬಾಗಿಲಾಗಬಹುದು ಎಂಬುದು ನನ್ನ ಎಣಿಕೆ. ಅದಕ್ಕಾಗಿಯೇ ಇಂದು ಯಾರಿಗೂ ಮೂವತ್ತು ವರ್ಷಗಳ ಏಕಸ್ವಾಮ್ಯದ ಹಕ್ಕನ್ನು ಬರೆದುಕೊಟ್ಟು ಆ ಬಾಗಿಲನ್ನು ನಾವೇ ಮುಚ್ಚಿಕೊಳ್ಳಬಾರದು.

ಒಲೆಯೇ, ಗೋಬರ್ ಗ್ಯಾಸೇ, ಮರವೇ

ದಾರಿ ಯಾವುದಾದರೂ ಆಗಲಿ, ಹಳ್ಳಿಯಲ್ಲಿ ಮಾಡುವ ಕೆಲಸ ಯಾವುದೆಂಬುದು ಮುಂದಿನ ಪ್ರಶ್ನೆ.

ಸುಧಾರಿತ ಸೌದೆ ಒಲೆಗೆ ಖರ್ಚು ಕಡಿಮೆ, ಹೊಗೆಯೂ ಕಡಿಮೆಯಾಗುತ್ತದೆ; ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಅದರ ಇಂಗಾಲದ ಲೆಕ್ಕ ಗಟ್ಟಿಯಿಲ್ಲ. ಉರಿಸುವ ಸೌದೆಯಲ್ಲಿ ಮತ್ತೆ ಚಿಗುರದೆ ಕಾಡನ್ನೇ ಕರಗಿಸುವ ಪಾಲೆಷ್ಟು ಎಂಬುದರ ಮೇಲೆ ಆ ಲೆಕ್ಕ ನಿಂತಿದೆ. ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಒಲೆಯ ಮುಂದೆ ಬಿದ್ದಿರುವುದು ಏನೆಂದು ನೋಡಿ: ರೇಷ್ಮೆಹುಳು ಸೊಪ್ಪು ತಿಂದ ಮೇಲೆ ಉಳಿದ ಹಿಪ್ಪುನೇರಳೆ ಕಡ್ಡಿ, ಕಡಿದಷ್ಟೂ ಚಿಗುರುವ ಜಾಲಿ, ನೀಲಗಿರಿಯ ಕೊಂಬೆ, ತೆಂಗಿನ ಗರಿ. ಇವೆಲ್ಲ ವರ್ಷ ವರ್ಷ ಮರಳಿ ಬರುವಂಥವು. ಅದನ್ನು ಕಾಡಿನ ಮರವೆಂದು ಲೆಕ್ಕ ಹಾಕಿದರೆ ಇಲ್ಲದ ಟನ್ನುಗಳು ಹುಟ್ಟುತ್ತವೆ. 2024ರ ಆರಂಭದಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನ, ತಾನು ಪರಿಶೀಲಿಸಿದ ಒಲೆ ಯೋಜನೆಗಳು ನಿಜವಾದ ಇಳಿಕೆಯ ಸುಮಾರು ಒಂಬತ್ತು ಪಟ್ಟು ಕ್ರೆಡಿಟ್ ಪಡೆದಿವೆ ಎಂದು ಅಂದಾಜಿಸಿತು. ಇಂಥ ಮಾತು ಹೊರಬಂದಾಗ ಗಿರಾಕಿ ಹಿಂದೆ ಸರಿಯುತ್ತಾನೆ. ಅಡುಗೆ ಅನಿಲದ ಸಿಲಿಂಡರ್ ಬಂದ ಮನೆಗಳಲ್ಲಿ ಹೊಸ ಒಲೆ ನಿಜಕ್ಕೂ ಯಾವುದರ ಬದಲಿಗೆ ಉರಿಯುತ್ತಿದೆ ಎಂಬ ಪ್ರಶ್ನೆ ಬೇರೆ.

ಒಲೆಯ ವಿಷಯದಲ್ಲಿ ನನ್ನ ಮನಸ್ಸಿಗೆ ನೋವಾದ ಒಂದು ಸಂಗತಿಯನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಊರಿನಲ್ಲಿ ಒಂದು ಸಂಸ್ಥೆಯವರು ಆಧಾರ್ ಪ್ರತಿ ಪಡೆದು, ಒಂದು ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಮನೆಮನೆಗೆ ಉಚಿತವಾಗಿ ಒಲೆ ಕೊಟ್ಟಿದ್ದರು. ನಾನು ಆ ಹಾಳೆಯ ಪ್ರತಿಯನ್ನು ಒಬ್ಬ ಅಜ್ಜಿಯ ಟ್ರಂಕಿನಲ್ಲಿ ನೋಡಿದೆ. ಈ ಒಲೆಯಿಂದ ಈಗ ಮತ್ತು ಮುಂದೆ ಹುಟ್ಟುವ ಎಲ್ಲ ಪರಿಸರ ಹಕ್ಕುಗಳನ್ನು ಸಂಸ್ಥೆಗೆ ಬಿಟ್ಟುಕೊಟ್ಟಿದ್ದೇನೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಅದರ ಅರ್ಥವನ್ನು ನಾನು ಹೇಳಿದಾಗ ಆಕೆ ಕೇಳಿದ್ದು ಇಷ್ಟೇ: “ಒಲೆ ಬಿಟ್ಟಿ ಕೊಟ್ಟರು ಅಂದ್ಕೊಂಡಿದ್ದೆ ಕಣಪ್ಪ, ನನ್ನಿಂದ ಏನು ತಗೊಂಡರು ಅಂತ ಅವತ್ತೇ ಯಾಕೆ ಹೇಳಲಿಲ್ಲ?” ಆಕೆಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ.

ಗೋಬರ್ ಗ್ಯಾಸ್‌ನ ಲೆಕ್ಕ ಇದಕ್ಕಿಂತ ಗಟ್ಟಿ. ಘಟಕ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ಯಾರು ಬೇಕಾದರೂ ಒಲೆ ಹಚ್ಚಿ ನೋಡಬಹುದು. ಬಾಗೇಪಲ್ಲಿ ಕಡೆಯ ಒಂದು ಮನೆಯಲ್ಲಿ ನಾನು ಬೆಳಗಿನ ಜಾವ ನಿಂತು ನೋಡಿದ್ದೇನೆ. ಮನೆಯಾಕೆ ಕೊಟ್ಟಿಗೆಯ ಸಗಣಿಯನ್ನು ಬಾಣಲಿಯಲ್ಲಿ ತಂದು ತೊಟ್ಟಿಗೆ ಸುರಿದು, ಅಷ್ಟೇ ನೀರು ಬೆರೆಸಿ, ಹುಲ್ಲಿನ ಎಳೆಗಳನ್ನು ಕೈಯಿಂದ ಆರಿಸಿ ತೆಗೆದು, ಗಂಟಿಲ್ಲದಂತೆ ಕಲಸಿ ಒಳಕ್ಕೆ ಬಿಟ್ಟರು. ಇನ್ನೊಂದು ತುದಿಯಲ್ಲಿ ವಾಸನೆಯಿಲ್ಲದ ಬಗ್ಗಡ ಮೆಲ್ಲಗೆ ಹೊರಬಂತು. ಅದು ಹಿಪ್ಪುನೇರಳೆ ತೋಟಕ್ಕೆ. ಒಳಗೆ ಒಲೆಯಲ್ಲಿ ನೀಲಿ ಜ್ವಾಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ಬಾಗಿಲ ಹಿಂದೆ ನೇತುಹಾಕಿದ್ದ ಪುಸ್ತಕದಲ್ಲಿ ಯಾವ ದಿನ ಗ್ಯಾಸ್ ಬಂದಿಲ್ಲ ಎಂಬುದನ್ನೂ ಬರೆದಿದ್ದರು. ಕ್ರೆಡಿಟ್‌ನ ಪ್ರಾಮಾಣಿಕತೆ ನಿಜಕ್ಕೂ ನಿಂತಿರುವುದು ಆ ಪುಸ್ತಕದ ಮೇಲೆ.

ಎರಡು ಘನ ಮೀಟರ್‌ನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೊ ಸಗಣಿ, ಅಷ್ಟೇ ನೀರು ಬೇಕು. ನಾಟಿ ದನವಾದರೆ ನಾಲ್ಕೈದು, ಸೀಮೆಹಸುವಾದರೆ ಮೂರು ನಾಲ್ಕು ಇರಬೇಕು. ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳಲ್ಲಿ ಆ 50 ಲೀಟರ್ ನೀರಿನ ಚಿಂತೆ ಹಗುರವಾದದ್ದಲ್ಲ. ಕೊಟ್ಟಿಗೆ ತೊಳೆದ ನೀರನ್ನು ತೊಟ್ಟಿಗೇ ತಿರುಗಿಸುವ ಅನುಕೂಲವಿದ್ದರೆ ಮಾತ್ರ ಬೇಸಿಗೆಯಲ್ಲೂ ಘಟಕ ನಿಲ್ಲದೆ ನಡೆಯುತ್ತದೆ. ಆದಾಯದ ಮಾತಿಗೆ ಬಂದರೆ, ಬಾಗೇಪಲ್ಲಿಯ ಯೋಜನೆ ಮನೆಯೊಂದಕ್ಕೆ ವರ್ಷಕ್ಕೆ ಸುಮಾರು ಮೂರೂವರೆ ಟನ್ ಇಳಿಕೆಯನ್ನು ಅಂದಾಜಿಸಿತ್ತು. ಡಾಲರಿಗೆ 85 ರೂಪಾಯಿಯೆಂದು ಹಿಡಿದರೆ, ಟನ್ನಿಗೆ 5 ಡಾಲರ್ ದರದಲ್ಲಿ ಮನೆಗೆ ವರ್ಷಕ್ಕೆ 1,500 ರೂಪಾಯಿಗೆ ಸ್ವಲ್ಪ ಕಡಿಮೆ, 20 ಡಾಲರ್ ದರದಲ್ಲಿ 6,000 ರೂಪಾಯಿಗೆ ಸ್ವಲ್ಪ ಕಡಿಮೆ. ಅದೂ ಪರಿಶೀಲನೆಯ ಖರ್ಚು, ಮಧ್ಯವರ್ತಿಯ ಪಾಲು ಕಳೆಯುವ ಮೊದಲು. ಹಾಗಾಗಿ ಕ್ರೆಡಿಟ್ ಹಣವನ್ನು ಮನೆಯ ಸಂಪಾದನೆಯೆಂದು ಎಣಿಸದೆ ಘಟಕ ಕಟ್ಟುವ ಮತ್ತು ರಿಪೇರಿ ಮಾಡಿಸುವ ಖರ್ಚಿಗೆಂದು ಎಣಿಸಬೇಕು. ಮನೆಗೆ ಸಿಗುವ ನಿಜವಾದ ಲಾಭ ಉಳಿದ ಸೌದೆ, ಉಳಿದ ಸಿಲಿಂಡರ್ ಮತ್ತು ಬಗ್ಗಡದ ಗೊಬ್ಬರ. ಮಾರುಕಟ್ಟೆ ಬಿದ್ದುಹೋದರೂ ಈ ಮೂರು ಮನೆಯಲ್ಲೇ ಉಳಿಯುತ್ತವೆ. ಗೋಬರ್ ಗ್ಯಾಸ್ ಅನ್ನು ನಾನು ಮೊದಲ ಸ್ಥಾನದಲ್ಲಿ ಇಡಲು ಕಾರಣ ಇದು.

ಮರದ ಕರಾರಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಮರವೆಂದರೆ ಒಳ್ಳೆಯದೇ ಎಂಬ ಮಾತಿಗೆ ನಮ್ಮ ಜಿಲ್ಲೆ ಒಮ್ಮೆ ದೊಡ್ಡ ಬೆಲೆ ತೆತ್ತಿದೆ. 1980ರ ದಶಕದ ಸಾಮಾಜಿಕ ಅರಣ್ಯದ ಕಾಲದಲ್ಲಿ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಅಂತರ್ಜಲದ ಬಗ್ಗೆ ದಶಕಗಳ ಕಾಲ ದೂರುಗಳು ಬಂದ ಮೇಲೆ 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬೇಗ ಬೆಳೆಯುವ ಮರ ಬೇಗ ಇಂಗಾಲ ಹಿಡಿಯುತ್ತದೆ ಎಂಬ ಕಾರಣಕ್ಕೆ ಕರಾರಿನಲ್ಲಿ ಮರದ ಜಾತಿಯನ್ನು ಕಂಪನಿಯೇ ಆರಿಸಲು ಬಿಟ್ಟರೆ ಅದೇ ಕಥೆ ಮರುಕಳಿಸಬಹುದು.

ಇನ್ನೊಂದು ತೊಡಕು ಕಾಲದ್ದು. ಗೋಬರ್ ಗ್ಯಾಸ್ ನಿಂತರೆ ಅಲ್ಲಿಯವರೆಗಿನ ಇಳಿಕೆ ಇಳಿಕೆಯಾಗಿಯೇ ಉಳಿಯುತ್ತದೆ. ಮರವನ್ನು ಕಡಿದರೆ ಅಥವಾ ಅದು ಒಣಗಿದರೆ ಹಿಡಿದಿಟ್ಟ ಇಂಗಾಲ ಹೊರಟುಹೋಗುತ್ತದೆ. ಆದ್ದರಿಂದ ಮಾನದಂಡಗಳು ಕ್ರೆಡಿಟ್‌ಗಳಲ್ಲಿ ಒಂದು ಭಾಗವನ್ನು ಮೀಸಲು ಖಾತೆಯಲ್ಲಿ ಇಡಿಸುತ್ತವೆ, ಮರಗಳನ್ನು ಮೂವತ್ತು ನಲವತ್ತು ವರ್ಷ ಕಾಪಾಡುವ ಬದ್ಧತೆಯನ್ನು ಕೇಳುತ್ತವೆ. ಅಷ್ಟರೊಳಗೆ ಪಹಣಿ ಮಕ್ಕಳ ಹೆಸರಿಗೆ ಆಗಿರುತ್ತದೆ, ಭಾಗ ಆಗಿರುತ್ತದೆ, ಬೆಂಗಳೂರಿನ ಕಡೆಯಿಂದ ಜಮೀನು ಕೇಳಿಕೊಂಡು ಯಾರೋ ಬಂದಿರುತ್ತಾರೆ. ತಂದೆ ಹಾಕಿದ ಸಹಿ ಮಗನ ಕೈ ಕಟ್ಟಬಹುದೇ ಎಂಬುದನ್ನು ವಕೀಲರಿಗೆ ತೋರಿಸಿ ಕೇಳದೆ ಮುಂದುವರಿಯಬೇಡಿ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕಿಗೆ ರೈತರು ಸುಮಾರು 13,000 ಎಕರೆಯನ್ನು ದೀರ್ಘ ಗುತ್ತಿಗೆಗೆ ಕೊಟ್ಟಾಗಲೂ ಅವಧಿ ಉದ್ದವೇ ಇತ್ತು. ಆದರೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ ಎಂದು ಮೊದಲ ದಿನವೇ ಬರೆದಿತ್ತು. ಭೂಮಿಯಿಲ್ಲದ ಕೂಲಿಕಾರರಿಗೆ ಅಲ್ಲಿ ಕೆಲಸ ತಪ್ಪಿದ್ದು ನಿಜ, ಅದು ಮರೆಯಬಾರದ ವಿಷಯ. ಆದರೂ ಜಮೀನಿನವರಿಗೆ ಬರುವ ಹಣ ಎಷ್ಟೆಂದು ತಿಳಿದಿತ್ತು. ನಮಗೆ ಬಂದ ಮರದ ಕರಾರಿನಲ್ಲಿ ಅವಧಿ 40 ವರ್ಷ ಎಂದಿತ್ತು; ಹಣದ ಜಾಗದಲ್ಲಿ ನಿವ್ವಳ ಆದಾಯದ ಪಾಲು ಎಂದಷ್ಟೇ ಇತ್ತು.

ಮರ ಬೆಳೆಸುವ ಆಸೆಯಿರುವವರಿಗೆ ಇಂಗಾಲದ ಕರಾರೇ ಗತಿಯೆಂದೇನೂ ಇಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಬ್ಸಿಡಿ ದರದ ಸಸಿ ಪಡೆದು ನೆಟ್ಟರೆ, ಬದುಕುಳಿದ ಸಸಿಗೆ ಮೂರು ವರ್ಷಗಳಲ್ಲಿ 35, 40, 50ರಂತೆ ಒಟ್ಟು 125 ರೂಪಾಯಿ ಪ್ರೋತ್ಸಾಹಧನ ಬರುವ ಏರ್ಪಾಡು ಇದೆ. ಅಲ್ಲಿ ಇಂಗಾಲದ ಹಕ್ಕನ್ನು ಯಾರಿಗೂ ಬರೆದುಕೊಡಬೇಕಾಗಿಲ್ಲ.

ಕರಾರಿನಲ್ಲಿ ನೋಡಬೇಕಾದದ್ದು

ಪಾಲು ಎಷ್ಟು ಎನ್ನುವುದಕ್ಕಿಂತ ಯಾವುದರಲ್ಲಿ ಪಾಲು ಎನ್ನುವುದು ಮುಖ್ಯ. ಒಟ್ಟು ಮಾರಾಟದ ಶೇ 40, ಖರ್ಚು ಕಳೆದ ಮೇಲಿನ ಶೇ 70ಕ್ಕಿಂತ ಹೆಚ್ಚಾಗಬಹುದು, ಏಕೆಂದರೆ ಖರ್ಚಿನ ಲೆಕ್ಕ ಬರೆಯುವವರು ಅವರೇ. ಮಾರಾಟದ ರಸೀದಿಯನ್ನು ಸಂಘಕ್ಕೆ ತೋರಿಸುವ ಷರತ್ತು ಇರಬೇಕು. ವೆರ್ರಾ, ಗೋಲ್ಡ್ ಸ್ಟ್ಯಾಂಡರ್ಡ್ ಸಂಸ್ಥೆಗಳ ನೋಂದಣಿ ಪುಸ್ತಕಗಳು ಅಂತರ್ಜಾಲದಲ್ಲಿ ಸಾರ್ವಜನಿಕವಾಗಿ ತೆರೆದಿವೆ. ಬಂದವರ ಹಿಂದಿನ ಯೋಜನೆಯ ಸಂಖ್ಯೆಯನ್ನು ಕೇಳಿ, ಎಷ್ಟು ಕ್ರೆಡಿಟ್ ಕೊಡಲಾಗಿದೆ, ಎಷ್ಟು ಬಳಕೆಯಾಗಿ ರದ್ದಾಗಿದೆ ಎಂಬುದನ್ನು ಪಿಯುಸಿ ಓದಿದ ಹುಡುಗ ಹುಡುಗಿಯರೇ ಅರ್ಧ ಗಂಟೆಯಲ್ಲಿ ನೋಡಿ ಹೇಳಬಲ್ಲರು. ಹಿಂದೆ ಒಂದೂ ಯೋಜನೆಯನ್ನು ದಡ ಸೇರಿಸದವರಿಗೆ ಇಡೀ ಹೋಬಳಿಯ ಬದುಗಳನ್ನು ಬರೆದುಕೊಡುವುದು ವಿವೇಕವಲ್ಲ.

ನೋಂದಣಿಗೆ ಮುನ್ನ ಸ್ಥಳೀಯರ ಸಭೆ ನಡೆಸಿ ಅಭಿಪ್ರಾಯ ದಾಖಲಿಸುವುದನ್ನು ಸಿಡಿಎಂನಿಂದ ಹಿಡಿದು ಮುಖ್ಯ ಮಾನದಂಡಗಳೆಲ್ಲವೂ ಕೇಳುತ್ತವೆ. ಆ ಸಭೆಯ ನಡಾವಳಿಯನ್ನು ಕನ್ನಡದಲ್ಲಿ ನೀವೇ ಬರೆಯಿರಿ, ಆಕ್ಷೇಪಗಳನ್ನು ಬಿಡದೆ ಬರೆಯಿರಿ, ಒಂದು ಪ್ರತಿಯನ್ನು ಸಂಘದ ಕಪಾಟಿನಲ್ಲಿ ಇಟ್ಟುಕೊಳ್ಳಿ. ಹೊರಗಿನ ಪರಿಶೀಲಕರು ಬಂದಾಗ ಅವರು ಓದಲೇಬೇಕಾದ ಕಾಗದ ಅದು.

ನಮ್ಮ ಆಡಳಿತ ಮಂಡಳಿ ಒಲೆಯ ಪ್ರಸ್ತಾಪವನ್ನು ಕೈಬಿಟ್ಟಿತು. ಮರದ ಕರಾರನ್ನು ನಾಲ್ಕು ತಿದ್ದುಪಡಿಗಳೊಂದಿಗೆ ಹಿಂದಿರುಗಿಸಿದ್ದೇವೆ: ಅವಧಿ ಹತ್ತು ವರ್ಷ ಮೀರಬಾರದು, ಪಾಲು ಒಟ್ಟು ಮಾರಾಟದ ಮೇಲೆ ಇರಬೇಕು, ಮರದ ಜಾತಿಯನ್ನು ರೈತರೇ ಆರಿಸಬೇಕು, ದೇಶದೊಳಗಿನ ಮಾರುಕಟ್ಟೆಗೆ ಹೋಗುವ ಹಕ್ಕು ಸಂಘಕ್ಕೆ ಉಳಿಯಬೇಕು. ಅವಧಿಯ ವಿಷಯದಲ್ಲಿ ಮಾನದಂಡವೇ ಅಡ್ಡ ಬರುತ್ತದೆ ಎಂದು ಅವರು ಮೌಖಿಕವಾಗಿ ಹೇಳಿದ್ದಾರೆ. ಹಾಗಿದ್ದರೆ ಅದನ್ನೇ ಲಿಖಿತವಾಗಿ ಕೊಡಿ ಎಂದು ಕೇಳಿದ್ದೇವೆ. ಗೋಬರ್ ಗ್ಯಾಸ್‌ಗೆ ಬೇಕಾದಷ್ಟು ಹಸುಗಳಿರುವ, ಕೊಟ್ಟಿಗೆಯ ನೀರನ್ನು ತೊಟ್ಟಿಗೆ ತಿರುಗಿಸಬಲ್ಲ ಮನೆಗಳ ಪಟ್ಟಿ ಮಾಡಲು ಡೇರಿಯ ಕಾರ್ಯದರ್ಶಿಯವರು ಒಪ್ಪಿದ್ದಾರೆ. ಬೆಳಗಿನ ಹಾಲು ಅಳೆಯುವ ಹೊತ್ತಿಗೆ ಎಲ್ಲರೂ ಅಲ್ಲಿಗೆ ಬರುವುದರಿಂದ ಪಟ್ಟಿಯನ್ನು ಅಲ್ಲಿಯೇ ಬರೆಯಲಾಗುತ್ತಿದೆ.